ಖುಲಾಸೆ ಬರೆಯುತ್ತಿದ್ದವರು

ಕೆಲಸಕ್ಕೆ ಹಾಜರಾದ ಮೂರನೆಯ ದಿನ ನಾನು ನನ್ನ ಮೊದಲ ಟಿಪ್ಪಣಿ ಬರೆದು ನಮ್ಮ ಶಿರಸ್ತೇದಾರರ ಮುಂದಿಟ್ಟೆ. ಯಾವುದೋ ಹಳ್ಳಿಯ ನೀರಿನ ಟಾಕಿ ಒಡೆದಿತ್ತು, ಊರವರು ಅರ್ಜಿ ಕೊಟ್ಟಿದ್ದರು. 'ಟಾಕಿ ಒಡೆದಿದೆ. ಇನ್ನೂ ದುರಸ್ತಿ ಮಾಡಿಲ್ಲ' ಎಂದು ಬರೆದಿದ್ದೆ. ಅದರಲ್ಲಿ ತಪ್ಪೇನೂ ಇಲ್ಲ ಎಂಬ ಧೈರ್ಯ ನನಗೆ. ಬಿ.ಎ.ಯಲ್ಲಿ ಕನ್ನಡಕ್ಕೆ ಇಡೀ ಕಾಲೇಜಿಗೇ ಹೆಚ್ಚು ಅಂಕ ತೆಗೆದವಳು ನಾನು. ಅವರು ಕನ್ನಡಕವನ್ನು ಹಣೆಯ ಮೇಲೇರಿಸಿ, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿ ನಕ್ಕರು.

"ಛಲೋ ಬರದೀಯವ್ವಾ. ಖರೇನೂ ಐತಿ. ಆದ್ರ ಇದು ಮನಿ ಕನ್ನಡ. ಕಚೇರಿ ಕನ್ನಡದಾಗ ಯಾರೂ ಏನೂ ಮಾಡಂಗಿಲ್ಲ. ಎಲ್ಲಾ ತಾನ ಆಗಿರತೈತಿ."

ನನ್ನ ಎರಡು ವಾಕ್ಯಗಳನ್ನು ಹೊಡೆದು ಹಾಕಿ ಕೆಳಗೆ ಬರೆದರು: 'ದುರಸ್ತಿಗೆ ಅಗತ್ಯ ಕ್ರಮ ವಹಿಸಲಾಗುತ್ತಿರುತ್ತದೆ.'

"ಯಾರು ವಹಿಸಾಕತ್ತಾರ್ರಿ ಸರ್?" ಎಂದೆ.

"ಅದನ್ನ ಯಾರೂ ಕೇಳಬಾರ್ದು ಅಂತನ ಹಿಂಗ ಬರಿಯೂದು."

ಅವರು ತೀರಿಕೊಂಡು ತಿಂಗಳಾಯಿತು. ತಹಶೀಲ್ದಾರರ ಕೆಳಗೆ, ಕಚೇರಿಯ ಕಾಗದಪತ್ರವನ್ನೆಲ್ಲ ನಡೆಸುವ ಶಿರಸ್ತೇದಾರರಾಗಿದ್ದರು. ಯಾವ ತಾಲೂಕು ಎಂದು ನಾನು ಹೇಳುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕರಲ್ಲಿ ಒಂದು ಎಂದರೆ ಸಾಕು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಬರುತ್ತದೆ. ಆಗ ದಂಡೆಯ ಊರುಗಳ ಜನ ಗಂಟುಮೂಟೆ ಕಟ್ಟಿಕೊಂಡು ದನಕರುಗಳ ಸಮೇತ ಎತ್ತರದ ಶಾಲೆಗಳಿಗೆ ಬಂದು ಕೂರುತ್ತಾರೆ. ಅವನ್ನು ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದರು. ಹೆಸರು ಅವಮಾನದ್ದೆಂದು ಯಾರೋ ಟೀಕಿಸಿದ ಮೇಲೆ ಕಾಳಜಿ ಕೇಂದ್ರ ಎಂದಾಯಿತು. "ಗಂಜಿ ಹೋಗಿ ಕಾಳಜಿ ಬಂತು ನೋಡ್ರಿ, ಸಾರ ಮಾತ್ರ ಅದ ಐತಿ" ಎನ್ನುತ್ತಿದ್ದ ನಮ್ಮ ಜವಾನ ಮಲ್ಲಪ್ಪ.

ಕೇಂದ್ರ ತೆರೆದ ಎರಡು-ಮೂರು ದಿನಗಳಲ್ಲಿ ಪತ್ರಿಕೆಗಳಲ್ಲಿ ದೂರು ಶುರುವಾಗುತ್ತಿತ್ತು. ಹಾಸಲು ಏನೂ ಇಲ್ಲ, ಸಾರು ನೀರು, ಸೊಳ್ಳೆ, ಕತ್ತಲೆ. ಬೆಳಿಗ್ಗೆ ವರದಿ ಬಂದರೆ ಹತ್ತು ಗಂಟೆಯೊಳಗೆ ಜಿಲ್ಲೆಯಿಂದ ವಾಟ್ಸಾಪಿನಲ್ಲಿ ಅದರ ಚಿತ್ರ ಬರುತ್ತಿತ್ತು, ಕೆಳಗೆ ಒಂದೇ ಸಾಲು: 'ಇಂದೇ ಸ್ಪಷ್ಟೀಕರಣ ಸಲ್ಲಿಸಿ.' ಸ್ಪಷ್ಟೀಕರಣ ಎಂಬ ಶಬ್ದ ನಮ್ಮ ಕಚೇರಿಯಲ್ಲಿ ಯಾರ ಬಾಯಿಗೂ ಹತ್ತುತ್ತಿರಲಿಲ್ಲ. ಮರಾಠಿಯ ಗಾಳಿ ಬೀಸುವ ಈ ಕಡೆ ನಾವು ಅದಕ್ಕೆ ಖುಲಾಸೆ ಎನ್ನುತ್ತೇವೆ. ಕಳ್ಳನನ್ನು ಕೋರ್ಟು ನಿರ್ದೋಷಿ ಎಂದು ಬಿಟ್ಟರೆ ಅದೂ ಖುಲಾಸೆಯೇ. ಮಲ್ಲಪ್ಪ ಎರಡನ್ನೂ ಸೇರಿಸಿ ಹೇಳುತ್ತಿದ್ದ: "ಸಾಹೇಬ್ರು ಖುಲಾಸೆ ಬರದ್ರು, ಕಚೇರಿ ಖುಲಾಸೆ ಆತು."

ಆ ಖುಲಾಸೆಗಳನ್ನೆಲ್ಲ ಬರೆಯುತ್ತಿದ್ದವರು ಇವರು. ಎತ್ತರ ಕಡಿಮೆ, ಎದೆ ಅಗಲ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಚಹಾವನ್ನು ಬಸಿಗೆ ಸುರಿದುಕೊಂಡೇ ಕುಡಿಯುವವರು. ಬರೆಯುವ ಮೊದಲು ಕುರ್ಚಿಯನ್ನು ಮೇಜಿನಿಂದ ಒಂದು ಗೇಣು ಹಿಂದಕ್ಕೆ ಸರಿಸಿ, ಎರಡೂ ಕೈ ತೊಡೆಯ ಮೇಲಿಟ್ಟು ಸ್ವಲ್ಪ ಹೊತ್ತು ಕೂರುತ್ತಿದ್ದರು, ಊಟಕ್ಕೆ ಕೂತವರ ಹಾಗೆ. ಆಮೇಲೆ ಒಂದೇ ಉಸಿರಿಗೆ ಬರೆಯುವುದು. ಕೊನೆಯ ಸಾಲು ಯಾವಾಗಲೂ ಒಂದೇ: 'ಆದ್ದರಿಂದ ಸದರಿ ವರದಿಯು ಸತ್ಯಕ್ಕೆ ದೂರವಾಗಿರುತ್ತದೆ.'

ಮೊದಲ ವರ್ಷ ನನಗೆ ಅವರ ಬಗ್ಗೆ ಅಸಹ್ಯವಿತ್ತು. ಕುರಿ ಕಾಯುವವರ ಮನೆಯಿಂದ ಬಂದವಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು. ಮುಧೋಳದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಓದಿ ಪರೀಕ್ಷೆ ಪಾಸು ಮಾಡಿದ್ದೆ, ಏಕೆಂದರೆ ಅಪ್ಪ ಕುರಿಯ ಹಿಂದೆ ಊರೂರು ಅಲೆಯುವಾಗ ನಮಗೆ ಇಂಥದೇ ಎಂಬ ಮನೆ ಇರಲಿಲ್ಲ. ನೇಮಕಾತಿ ಆದೇಶ ಬಂದಾಗ ಅಪ್ಪ ಅದನ್ನು ಬೀರಪ್ಪನ ಗುಡಿಗೆ ಒಯ್ದು ಭಂಡಾರದ ಅರಿಸಿನ ಹಚ್ಚಿ ತಂದಿದ್ದ. ಹಾಜರಾಗುವಾಗ ಗುಮಾಸ್ತರೊಬ್ಬರು ಆ ಹಳದಿ ಕಲೆ ನೋಡಿ "ಇದೇನವಾ, ಪಲ್ಯ ಚೆಲ್ಲೀಯೇನು?" ಎಂದು ಕೇಳಿದ್ದರು. ಅಷ್ಟು ಕಷ್ಟಪಟ್ಟು ಬಂದದ್ದು ಸುಳ್ಳು ಬರೆಯುವ ಕಚೇರಿಗೇ ಎಂದು ನನಗೆ ಸಿಟ್ಟು.

ಅವರ ಕೆಲಸದ ರೀತಿ ನನಗೆ ಅರ್ಥವಾದದ್ದು ರೊಟ್ಟಿಯ ವಿಷಯದಲ್ಲಿ. ಒಂದು ವರ್ಷ 'ಕೇಂದ್ರದಲ್ಲಿ ನಾಲ್ಕು ದಿನದಿಂದ ಊಟವಿಲ್ಲ' ಎಂದು ವರದಿ ಬಂತು. ತಹಶೀಲ್ದಾರರು ದಕ್ಷಿಣದ ಕಡೆಯವರು, ಹೊಸಬರು, ಕೆಂಡವಾದರು. ಮೂರು ಹೊತ್ತೂ ಅನ್ನ-ಸಾಂಬಾರು ಹೋಗಿತ್ತು, ಫೋಟೋ ಇತ್ತು. "ಎಂಥ ಸುಳ್ಳು ಬರೀತಾರೆ ಜನ!" ಎಂದು ಮೇಜು ಕುಟ್ಟಿದರು.

ಇವರು ಮೆಲ್ಲಗೆ ಹೇಳಿದರು: "ಸುಳ್ಳಲ್ರಿ ಸರ್. ನಮ್ಮ ಮಂದಿ ಅನ್ನಕ್ಕ ಊಟ ಅನ್ನಂಗಿಲ್ಲ. ರೊಟ್ಟಿ ತಿಂದ್ರ ಊಟ. ಅನ್ನ ಅಂದ್ರ ಕಡೀಕ ಒಂದು ತುತ್ತು ಮಜ್ಜಿಗಿ ಸಂಗತೀಲೆ ಉಣ್ಣೂದು. ನಾಕ ದಿನ ಅನ್ನ ಉಂಡಾವ್ರು ನಾಕ ದಿನ ಉಪಾಸ ಅದೀವಿ ಅಂತನ ಹೇಳ್ತಾರ."

"ಹಾಗಾದರೆ ಏನು ಬರೀತೀರಿ?"

"ಊಟ ಒದಗಿಸಲಾಗಿರುತ್ತದೆ ಅಂತ ಬರೀತೇನ್ರಿ."

ಬರೆದರು. ಬರೆದ ಹಾಳೆಯನ್ನು ಕಳಿಸಲಿಲ್ಲ. ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ನನ್ನನ್ನೂ ಮಲ್ಲಪ್ಪನನ್ನೂ ಜೀಪಿಗೆ ಹತ್ತಿಸಿಕೊಂಡು ಹೊಳೆ ಮುಟ್ಟದ ಊರುಗಳಿಗೆ ಹೊರಟರು. ಒಂದೊಂದು ಓಣಿಯಲ್ಲಿ ನಿಂತು "ಯಕ್ಕಾರ, ಮನೀಗ ಹತ್ತ ರೊಟ್ಟಿ ಬಡೀರಿ, ಹೊಳಿ ಮಂದಿಗೆ" ಎಂದು ಕೂಗುವುದು. ಮಧ್ಯಾಹ್ನದ ಹೊತ್ತಿಗೆ ಜೀಪಿನ ಹಿಂದಿನ ಸೀಟಿನ ತುಂಬ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ. ಕೇಂದ್ರದಲ್ಲಿ ಎಲ್ಲರೂ ಕೂತು ಉಣ್ಣತೊಡಗಿದ ಮೇಲೆ ಕಿಸೆಯಿಂದ ಹಾಳೆ ತೆಗೆದು ನನಗೆ ಕೊಟ್ಟರು. "ಈಗ ಫೋಟೋ ತಗದು ಕಳಸು. ಈಗ ಖರೆ ಆತು."

ಅದು ಅವರ ರೀತಿ. ಸುಳ್ಳನ್ನು ಮೊದಲು ಬರೆಯುವುದು, ಅದು ಮೇಲಿನವರಿಗೆ ತಲುಪುವ ಮೊದಲು ಓಡಾಡಿ ಖರೆ ಮಾಡುವುದು. 'ವಿದ್ಯುತ್ ವ್ಯವಸ್ಥೆ ಇರುತ್ತದೆ' ಎಂದು ಬರೆದ ಮೇಲೆ ಲೈನ್‌ಮನ್ ಮನೆಗೆ ತಾವೇ ಹೋಗಿ ಅವನನ್ನು ಸ್ನಾನದ ಮನೆಯಿಂದ ಎಬ್ಬಿಸಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಎಲ್ಲ ಸಲವೂ ಆಗುತ್ತಿರಲಿಲ್ಲ. ಆಗದ ದಿನ ಹಾಳೆ ಹಾಗೆಯೇ ಹೋಗುತ್ತಿತ್ತು. ಆ ದಿನ ಅವರು ಚಹಾ ಕುಡಿಯದೆ ಮನೆಗೆ ಹೋಗುತ್ತಿದ್ದರು. ಅವರನ್ನು ದೇವರು ಮಾಡಲು ನಾನು ಇದನ್ನು ಬರೆಯುತ್ತಿಲ್ಲ.

ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. ಅವರು ಬೀಳಗಿ ಕಡೆಯವರು, ಅವರ ಹುಟ್ಟಿದೂರು ಹಿನ್ನೀರಿನಲ್ಲಿ ಮುಳುಗಿದೆ. ಹೊಸ ಊರಿನಲ್ಲಿ ಮನೆ ಕಟ್ಟುವವರೆಗೆ ತಾಯಿಯ ಜೊತೆ ತಗಡಿನ ಶೆಡ್ಡಿನಲ್ಲಿದ್ದರಂತೆ. ಬೇಸಿಗೆಯಲ್ಲಿ ಆ ತಗಡು ರೊಟ್ಟಿ ಸುಡುವ ಹಂಚು. ಓಣಿಯವರೆಲ್ಲ ಸೇರಿ ಅರ್ಜಿ ಕೊಟ್ಟರು. ಕೆಲವು ದಿನಗಳ ಮೇಲೆ ಉತ್ತರ ಬಂತು. ಶಾಲೆ ಓದಿದವರು ಇವರೊಬ್ಬರೇ ಆದ್ದರಿಂದ ತಾಯಿ ಓದಿ ಹೇಳೆಂದಳು. ಇವರು ಓದಿದರು: 'ಸದರಿ ಶೆಡ್ಡುಗಳು ಗಾಳಿ ಬೆಳಕಿನಿಂದ ಕೂಡಿದ್ದು, ವಾಸಕ್ಕೆ ಯೋಗ್ಯವಾಗಿರುತ್ತವೆ.'

"ನಮ್ಮವ್ವ ಪೂರಾ ಕೇಳಿದಳು," ಎಂದರು. "ನಗಲಿಲ್ಲ, ಬೈಲಿಲ್ಲ. 'ಅವರು ಬರದದ್ದು ಯಾವ ಶೆಡ್ಡೋ ತಮ್ಮಾ? ಎಲ್ಲೈತಿ ಕೇಳ್ಕೊಂಡ ಬಾ. ಅಲ್ಲಿಗೇ ಹೋಗಿ ಇರೂಣು' ಅಂದ್ಲು. ಆಕಿ ಖರೇನ ತಿಳ್ಕೊಂಡಿದ್ಲು, ಎಲ್ಲೋ ಅಂಥಾವು ಅದಾವ ಅಂತ."

ಸ್ವಲ್ಪ ಹೊತ್ತು ಬಸಿಯಲ್ಲಿದ್ದ ಚಹಾದ ಮೇಲೆ ಊದಿದರು. "ಮುಂದ ನಾನೂ ಇದ ಕುರ್ಚಿಗೆ ಬಂದೆ. ಬರೀದ ಇರಾಕ ಬರಂಗಿಲ್ಲ, ನೌಕರಿ. ಬರದ ಮ್ಯಾಲ, ಅಂಥಾದ್ದು ಎಲ್ಲರ ಒಂದ ಇರಬೇಕಲ್ಲ?"

ಇಷ್ಟೇ ಆಗಿದ್ದರೆ ಅವರು ಜಾಣ, ಒಳ್ಳೆಯ ಮನುಷ್ಯ ಎಂದು ಹೇಳಿ ಈ ಬರಹ ಮುಗಿಸಬಹುದಿತ್ತು. ಆದರೆ ನನ್ನದೊಂದು ವಿಷಯ ಇದರಲ್ಲಿದೆ.

ಹೊಳೆ ಜೋರಾಗಿ ಬಂದ ಆ ವರ್ಷ ನನ್ನನ್ನು ದಂಡೆಯ ಒಂದು ಶಾಲೆಯ ಕೇಂದ್ರಕ್ಕೆ ಹಾಕಿದ್ದರು. ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಆ ಅವಧಿಯಲ್ಲಿ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಮನೆಗೆ ಕಳಿಸಬಹುದು. ಶಾಲೆಯಲ್ಲಿ ಎರಡು ಶೌಚಾಲಯ. ಒಂದರ ಒಳಗೆ ಎಲ್ಲ ಒಡೆದು ಬೀಗ ಹಾಕಿತ್ತು. ಇನ್ನೊಂದಕ್ಕೆ ಬಾಗಿಲಿರಲಿಲ್ಲ. ಎದುರಿಗೇ ಗಂಡಸರು ದನ ಕಟ್ಟಿಕೊಂಡು ಕೂರುವ ಅಂಗಳ. ಹೆಂಗಸರು ಒಂದು ಹಳೆಯ ಸೀರೆ ಕಟ್ಟಿದ್ದರು, ಗಾಳಿಗೆ ಹಾರುತ್ತಿತ್ತು. ಬಾಗಿಲು ಬೇಕೆಂದು ನಾನು ಕಚೇರಿಗೆ ಫೋನು ಮಾಡಿದೆ. "ಬರ್ಕೊಂಡೇನವ್ವಾ, ಬೋಟಿಂದೊಂದ ಗದ್ದಲ ಮುಗೀಲಿ" ಎಂದರು ಇವರು. ಎರಡು ದಿನ ಹೋದವು.

ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆಂದು ನನಗೆ ತಿಳಿದದ್ದು ಮೂರನೆಯ ದಿನ ಮಧ್ಯಾಹ್ನ, ಏಳು ತಿಂಗಳ ಬಸುರಿಯೊಬ್ಬಳು ಊಟದ ಸಾಲಿನಲ್ಲಿ ಕುಸಿದು ಬಿದ್ದಾಗ. ತುಟಿ ಬಿರಿದಿದ್ದವು. "ನಿನ್ನಿಯಿಂದ ಒಂದ ಗುಟುಕ ಕುಡದಿಲ್ಲ ಆಕಿ" ಎಂದಳು ಪಕ್ಕದ ಸಾಂವಕ್ಕ ಎಂಬ ಮುದುಕಿ. "ನಾವ್ಯಾರೂ ಕುಡದಿಲ್ಲ ತಗೋ ಯವ್ವಾ. ಕುಡದ್ರ ಹೋಗಬೇಕಾಕ್ಕೈತಿ. ಹೋಗೂದೆಲ್ಲಿ?" ಬಸುರಿಯನ್ನು ಆಂಬುಲೆನ್ಸಿನಲ್ಲಿ ಕಳಿಸಿದೆವು. ಅವಳಿಗೂ ಮಗುವಿಗೂ ಏನೂ ಆಗಲಿಲ್ಲ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆದರೆ ಆ ಹೊತ್ತಿನಲ್ಲಿ ಅದು ನಮಗೆ ಗೊತ್ತಿರಲಿಲ್ಲ.

ಆಂಬುಲೆನ್ಸು ಹೋದ ಮೇಲೆ ಬಸವರಾಜ ಬಂದ. ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಅವನದು. ಜಿಲ್ಲೆಯ ಒಂದು ಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುತ್ತಿದ್ದ. ಪತ್ರಿಕೆಯವರು ಕೊಟ್ಟ ಗುರುತಿನ ಚೀಟಿಯನ್ನು ಅಂಗಡಿಯಲ್ಲಿದ್ದಾಗಲೂ ಕೊರಳಿನಿಂದ ತೆಗೆಯುತ್ತಿರಲಿಲ್ಲ. ಅವನೂ ನನ್ನ ಹಾಗೆ, ಮನೆಯಲ್ಲಿ ಓದಿದ ಮೊದಲಿಗ.

"ಏನಾತ್ರಿ ಅಕ್ಕಾರ?" ಎಂದ.

ಎಲ್ಲ ಹೇಳಿದೆ. ಬಾಗಿಲು, ಸೀರೆ, ಫೋನು, ನೀರು.

"ಹೆಸರ ಹಾಕಲೇನ್ರಿ?"

"ಬ್ಯಾಡಪಾ. ನಂದಿನ್ನೂ ಪ್ರೊಬೇಷನ್."

ಮರುದಿನ ಬೆಳಿಗ್ಗೆ ಮೊದಲ ಪುಟದಲ್ಲೇ ಬಂತು. ಕೊನೆಯಲ್ಲಿ 'ಎಂದು ಕೇಂದ್ರದ ಸಿಬ್ಬಂದಿಯೊಬ್ಬರು ತಿಳಿಸಿದರು' ಎಂದಿತ್ತು. ಕೇಂದ್ರದಲ್ಲಿದ್ದ ಸಿಬ್ಬಂದಿ ಇಬ್ಬರೇ, ನಾನು ಮತ್ತು ಅಡುಗೆಯ ಉಸ್ತುವಾರಿಗೆ ಬಂದಿದ್ದ ಒಬ್ಬ. ಜಿಲ್ಲೆಯಿಂದ ಈ ಸಲ ಎರಡು ಸಾಲು ಬಂದವು. ಸ್ಪಷ್ಟೀಕರಣ ಸಲ್ಲಿಸಿ. ಹೇಳಿಕೆ ನೀಡಿದ ಸಿಬ್ಬಂದಿಯ ಹೆಸರು ತಿಳಿಸಿ.

ಹನ್ನೊಂದು ಗಂಟೆಗೆ ಇವರು ಕೇಂದ್ರಕ್ಕೇ ಬಂದರು. ಐದನೇ ಇಯತ್ತೆಯ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹಾಳೆ ಮುಂದಿಟ್ಟರು. ನನ್ನ ಹೆಸರಿನಲ್ಲಿ ಬರೆದ ವರದಿ, ಖುಲಾಸೆಯ ಜೊತೆಗೆ ಹೋಗುವುದು. ಸಹಿಯ ಜಾಗ ಖಾಲಿ ಇತ್ತು.

'ಸದರಿ ಕೇಂದ್ರದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯಗಳನ್ನು ಒದಗಿಸಲಾಗಿರುತ್ತದೆ. ಕೇಂದ್ರದ ಯಾವುದೇ ಸಿಬ್ಬಂದಿಯು ಪತ್ರಿಕೆಗೆ ಹೇಳಿಕೆ ನೀಡಿರುವುದಿಲ್ಲ. ಆದ್ದರಿಂದ ಸದರಿ ವರದಿಯು ಸತ್ಯಕ್ಕೆ ದೂರವಾಗಿರುತ್ತದೆ.'

ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

"ಬಾಗಲಾ ಟೆಂಪೋದಾಗ ಬರಾಕತ್ತಾವ," ಎಂದರು. "ಸಂಜೀಕಂದ್ರ ಮೊದಲ್ನೇ ಸಾಲು ಖರೆ ಆಕ್ಕೈತಿ."

"ಎರಡನೇದ್ರಿ ಸರ್?" ಎಂದೆ. "ಅದನ್ನ ಹೆಂಗ ಖರೆ ಮಾಡ್ತೀರಿ?"

ಅವರು ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು. ಹೊರಗೆ ಎಮ್ಮೆಯೊಂದು ಕೂಗುತ್ತಿತ್ತು.

"ಅದು ಆಗಂಗಿಲ್ಲ" ಎಂದರು. "ಅದು ಸುಳ್ಳ ಸುಳ್ಳು. ನೀ ಫೋನ್ ಮಾಡಿದ್ದಿ, ನಾ ಮರತೆ. ತಪ್ಪ ನಂದು. ಆದ್ರ ಖರೇದ್ದ ಬರದ ಕಳಸಿದ್ರ ನೀ ಮನೀಗ್ ಹೋಗ್ತಿ. ಹಿಂಗ ಹೋದ್ರ ಆ ಹುಡುಗ ಸುಳ್ಳುಗಾರ ಆಗ್ತಾನ. ಎರಡರಾಗ ಒಂದು. ನಾ ಹೇಳಂಗಿಲ್ಲ ಯಾವುದಂತ."

"ನೀವಾಗಿದ್ರ?"

"ನಾ ಏನ ಮಾಡ್ತೇನಂತ ನಿನಗ ಗೊತ್ತೈತಲ್ಲವ್ವಾ. ಅದನ್ನ ನೋಡಿ ಮಾಡಬ್ಯಾಡ."

ನಾನು ಬಹಳ ಹೊತ್ತು ಕೂತೆನೆಂದು ಹೇಳಿಕೊಳ್ಳಬಹುದು, ಕೂರಲಿಲ್ಲ. ಅಪ್ಪ ನೆನಪಾದ. ಊರೂರು ಅಲೆಯುವುದು ಬಿಟ್ಟು ಮುಧೋಳದಲ್ಲಿ ಬಾಡಿಗೆ ಮನೆ ಹಿಡಿದು, 'ನಮ್ಮ ಮಗಳು ಕಚೇರ್ಯಾಗ ಅದಾಳ' ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಪೆನ್ನು ತೆಗೆದು ಸಹಿ ಮಾಡಿದೆ. ನನ್ನ ಸಹಿ ಚೆನ್ನಾಗಿದೆ, ದುಂಡಗೆ. ಅದರ ಕೆಳಗೆ ನನ್ನ ಹುದ್ದೆಯನ್ನೂ ಬರೆದೆ.

ಟೆಂಪೋ ಬಂತು. ಮೂರು ಪ್ಲಾಸ್ಟಿಕ್ ಬಾಗಿಲು, ತಗಡು, ಗಾರೆ ಕೆಲಸದ ಒಬ್ಬ ಗೌಂಡಿ, ಒಬ್ಬ ಪ್ಲಂಬರ್. ಒಡೆದದ್ದನ್ನು ಸರಿಮಾಡಿ, ತಗಡಿನಿಂದ ಇನ್ನೊಂದನ್ನು ಎಬ್ಬಿಸಿ, ಮೂರು ಬಾಗಿಲುಗಳನ್ನೂ ಅಂಗಳಕ್ಕೆ ಬೆನ್ನು ಮಾಡಿ ಕೂರಿಸಿದರು. ಇವರು ಅಂಗಿಯ ತೋಳು ಮಡಚಿ ಇಟ್ಟಿಗೆ ಹೊತ್ತರು. ಎಲ್ಲ ಮುಗಿದ ಮೇಲೆ ಚಿಲಕ ಹತ್ತುತ್ತದೋ ಇಲ್ಲವೋ ಎಂದು ತಾವೇ ಒಳಗೆ ಹೋಗಿ ಹಾಕಿಕೊಂಡರು. ಹೊಸ ಚಿಲಕ, ಬಿಗಿಯಾಗಿ ಕಚ್ಚಿಕೊಂಡಿತು. ಒಳಗಿನಿಂದ ಬಡಿಯುವ ಸದ್ದು.

"ಮಲ್ಲಪ್ಪಾ! ಲೇ ಮಲ್ಲ್ಯಾ! ಬರವಲ್ದಲೇ ಇದು!"

ಹೆಂಗಸರು ಸುತ್ತ ನೆರೆದರು. ನಾಲ್ಕು ದಿನಗಳಲ್ಲಿ ಆ ಅಂಗಳದಲ್ಲಿ ಮೊದಲ ಸಲ ನಗು ಕೇಳಿಸಿತು. ಸಾಂವಕ್ಕ ಬಾಗಿಲಿನ ಹತ್ತಿರ ಹೋಗಿ ಕೇಳಿದಳು: "ಸಾಹೇಬ್ರ, ಒಳಗ ಗಾಳಿ ಬೆಳಕ ಐತೇನ್ರಿ?"

ಒಳಗೆ ಒಂದು ಕ್ಷಣ ಸದ್ದು ನಿಂತಿತು. ತಾಯಿಯ ಶೆಡ್ಡಿನ ಮಾತು ಸಾಂವಕ್ಕನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆಮೇಲೆ ಒಳಗಿನಿಂದ ಅವರೂ ಜೋರಾಗಿ ನಕ್ಕರು. "ಗಾಳಿ ಇಲ್ಲಬೇ ಯಮ್ಮಾ, ಜಲ್ದಿ ತಗಿಸು!" ಗೌಂಡಿ ಹಾರೆ ಹಾಕಿ ಎಬ್ಬಿಸಿದ. ಹೊರಗೆ ಬಂದ ಕೂಡಲೇ ಮುಖದ ಬೆವರು ಒರೆಸಿಕೊಳ್ಳುತ್ತ, "ಈಗರ ನೀರ ಕುಡೀರಿ ನಮ್ಮವ್ವಗೋಳ್ರಾ" ಎಂದರು. ಸಾಂವಕ್ಕ ಒಂದು ತಂಬಿಗೆ ನೀರನ್ನು ಮೊದಲು ಅವರಿಗೇ ಕೊಟ್ಟಳು. ನಾನು ಗೋಡೆಗೆ ಆತುಕೊಂಡು ನಿಂತು ನೋಡಿದೆ. ನನಗೆ ನಗು ಬರಲಿಲ್ಲ.

ಮರುದಿನ ಖುಲಾಸೆ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು, ಹೊಸ ಬಾಗಿಲುಗಳ ಫೋಟೋ ಸಮೇತ. ಯಾರು ಹೇಳಿದ್ದು ಎಂದು ಬಸವರಾಜನನ್ನು ಅವನ ಪತ್ರಿಕೆಯವರು ಕೇಳಿದರಂತೆ. ಅವನು ಹೇಳಲಿಲ್ಲ. ಸುಳ್ಳು ಸುದ್ದಿ ಕಳಿಸುವವನು ಬೇಡ ಎಂದು ಅವರು ಚೀಟಿ ವಾಪಸು ಪಡೆದರು. ಅವನು ಬರೀ ಝೆರಾಕ್ಸ್ ಅಂಗಡಿಯವನಾಗಿ ಉಳಿದ. ನಾನು ಆ ಕಡೆಯ ಫುಟ್‌ಪಾತಿನಲ್ಲಿ ನಡೆಯುವುದನ್ನು ಬಿಟ್ಟೆ. ಪ್ರೊಬೇಷನ್ ಮುಗಿಯಿತು, ಒಂದು ಬಡ್ತಿಯೂ ಬಂತು. ಈಗ ಬೇರೆ ತಾಲೂಕಿನಲ್ಲಿ ಖುಲಾಸೆ ಬರೆಯುವ ಕುರ್ಚಿಯಲ್ಲಿ ನಾನೇ ಕೂತಿದ್ದೇನೆ. ಅವರಿಂದ ಕಲಿತ ಹಾಗೆ, ಹಾಳೆ ಬರೆದು ಚೀಲದಲ್ಲಿಟ್ಟುಕೊಂಡು ಮೊದಲು ಕೇಂದ್ರಕ್ಕೆ ಹೋಗುತ್ತೇನೆ.

ಅವರು ನಿವೃತ್ತರಾದ ದಿನ ಹಾರ ತುರಾಯಿ ಎಲ್ಲ ಆದ ಮೇಲೆ ಮಾತಾಡಿ ಎಂದರೆ ಎದ್ದು ನಿಂತು, "ನೌಕರಿ ತುಂಬ 'ಮಾಡಲಾಗಿರುತ್ತದೆ' ಅಂತ ಬರದೆ, ಯಾರು ಮಾಡಿದ್ರು ಅಂತ ಒಂದ ದಿನಾನೂ ಬರೀಲಿಲ್ಲ" ಎಂದರು. ಆಮೇಲೆ ಒಬ್ಬೊಬ್ಬರದೇ ಹೆಸರು ಹೇಳತೊಡಗಿದರು. ಮಲ್ಲಪ್ಪ, ಜೀಪಿನ ಡ್ರೈವರ್, ಲೈನ್‌ಮನ್, ಆ ಗೌಂಡಿ, ರೊಟ್ಟಿ ಬಡಿದ ಓಣಿಗಳು. ನನ್ನ ಹೆಸರನ್ನೂ ಹೇಳಿದರು. ನಾನು ತಲೆ ತಗ್ಗಿಸಿಕೊಂಡೆ. ಜನ ಅದನ್ನು ವಿನಯ ಎಂದುಕೊಂಡರು.

ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಬನಹಟ್ಟಿಗೆ ಹೋಗಿದ್ದೆ. ನಿವೃತ್ತಿಯ ಮೇಲೆ ಹೆಂಡತಿಯ ತವರೂರಲ್ಲಿ ಮನೆ ಮಾಡಿದ್ದರು. ಅಕ್ಕಪಕ್ಕದಲ್ಲೆಲ್ಲ ಮಗ್ಗದ ಸದ್ದು, ಅವರ ಓಣಿಯಲ್ಲಿ ಮಾತ್ರ ಅಂದು ಮಗ್ಗಗಳನ್ನು ನಿಲ್ಲಿಸಿದ್ದರು. ಪ್ರಸಾದದ ಪಂಕ್ತಿಯಲ್ಲಿ ಬಡಿಸುತ್ತಿದ್ದವರಲ್ಲಿ ಒಬ್ಬ ಬಸವರಾಜ. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಬುಟ್ಟಿಯನ್ನು ಬೇರೆಯವರ ಕೈಗೆ ಕೊಟ್ಟು ಹತ್ತಿರ ಬಂದ.

"ಆರಾಮ್ರಿ ಅಕ್ಕಾರ? ನಮ್ಮ ಕಡೆ ಬರೂದ ಬಿಟ್ರಿ."

ಅವರನ್ನು ನೋಡಲು ಬರುತ್ತಿದ್ದೆಯಾ ಎಂದು ಕೇಳಿದೆ.

"ಅವರ ಬರತಿದ್ರು, ಅಂಗಡಿಗೆ. ಕಚೇರ್ಯಾಗ ಮಷೀನ ಇದ್ರೂ ನನ್ನ ಕಡೇನ ಬಂದು ಝೆರಾಕ್ಸ್ ಮಾಡಸ್ತಿದ್ರು. ಆ ಖುಲಾಸೆ ಛಾಪಾತಲ್ರಿ, ಅದರ ಮುಂದಿನ ವಾರ ನನ್ನನ್ನ ಸ್ಕೂಟರ್ ಮ್ಯಾಲ ಕೂಡಿಸ್ಕೊಂಡ ಆ ಹೊಳಿ ದಂಡಿ ಸಾಲಿಗೆ ಹೋದ್ರು. ಬಾಗಲಾ ತೋರಿಸಿ, 'ಇವು ನೀ ಹಾಕಿಸಿದ್ದು' ಅಂದ್ರು. ನಾ ಭಾಳ ಬೈದೆ ಅವರಿಗೆ. ನಿಂತ ಬೈಸ್ಕೊಂಡ್ರು."

ಅವನು ದನಿ ತಗ್ಗಿಸಿ ಹೇಳಿದ: "ನಿಮ್ಮ ಮ್ಯಾಲೂ ಸಿಟ್ಟಿತ್ರಿ ನನಗ. ಕೇಳಿದೆ, 'ಅಕ್ಕಾರು ಹೇಳಿಲ್ಲಂತ ಬರದ ಕೊಟ್ರೇನ್ರಿ?' ಅಂತ. ಅವರಂದ್ರು, 'ಇಲ್ಲಪಾ. ಆಕೀಗೆ ಏನೂ ಗೊತ್ತಿಲ್ಲ. ಅದು ನಾನ ಬರದೆ, ನಾನ ಆಕಿ ಹೆಸರ ಹಾಕಿದೆ.' ಅವತ್ತಿಂದ ನಿಮ್ಮ ಮ್ಯಾಲಿನ ಸಿಟ್ಟ ಹೋತ್ರಿ."

ಪಂಕ್ತಿಯಲ್ಲಿ ಯಾರೋ ಹುಗ್ಗಿಗೆ ಕೂಗುತ್ತಿದ್ದರು. ಅವನು ಹೊರಡಲು ತಿರುಗಿದ. ನಾನು ಸುಮ್ಮನಿದ್ದರೆ ಸಾಕಿತ್ತು. ಸತ್ತವರು ನನಗಾಗಿ ಬರೆದಿಟ್ಟು ಹೋದ ಖುಲಾಸೆ ಅದು. ಅದನ್ನು ಸುಳ್ಳೆನ್ನುವವರು ಯಾರೂ ಉಳಿದಿರಲಿಲ್ಲ.

"ಬಸವರಾಜ," ಎಂದೆ. "ಸಹಿ ನಂದು. ಓದಿ ಮಾಡಿದ್ದು. ಅವರು ಹೇಳಿದ್ದು ಖರೆ ಅಲ್ಲ."

ಅವನು ನಿಂತ. ಬೈಯುತ್ತಾನೆಂದುಕೊಂಡೆ. ಬೈಯಲಿ ಎಂದೂ ಅನಿಸಿತು.

"ಇದನ್ನ ಹೇಳಾಕ ಇಷ್ಟ ವರ್ಷ ಬೇಕಾತೇನ್ರಿ?" ಎಂದ. "ಬಾಯಿಲೆ ಹೇಳಿದ್ರ ಏನ ಬಂತು. ನನ್ನ ಸುಳ್ಳುಗಾರ ಅಂದದ್ದು ಛಾಪಾಗೇತಿ."

ಬಡಿಸಲು ಹೋದ. ನನ್ನ ಎಲೆಗೂ ಬಂದು ಬಡಿಸಿದ, ಎಲ್ಲರಿಗೆ ಬಡಿಸಿದಷ್ಟೇ.

ಅದಕ್ಕೇ ಇದನ್ನು ಬರೆದು ಅಚ್ಚಿಗೆ ಕಳಿಸುತ್ತಿದ್ದೇನೆ. ನೋಟಿಸು ಬಂದರೆ ಉತ್ತರ ಕೊಡುತ್ತೇನೆ. ಆ ಶಾಲೆಯಲ್ಲಿ ಹೆಂಗಸರ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಅವರು ನೀರು ಕುಡಿಯುವುದನ್ನು ಬಿಟ್ಟಿದ್ದರು. ಬಸವರಾಜ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನಿಗೆ ಹೇಳಿದವಳು ನಾನು. ಹೇಳಿಲ್ಲವೆಂದು ಸಹಿ ಮಾಡಿದವಳೂ ನಾನು.